ಮೇಜಿನಷ್ಟು ಜಾಗ

ಪ್ಯಾಂಟಿನ ಒಳಹೊಲಿಗೆಯಿಂದ ಎಳೆಯೊಂದನ್ನು ಅವಳು ಅರ್ಧದವರೆಗೆ ಎಳೆದಿದ್ದಳು. ಬೂದು ಬಣ್ಣದ ಉಣ್ಣೆಬಟ್ಟೆ, ಮಂಡಿಯ ಹತ್ತಿರ ಸಿಗರೇಟಿನ ಕಿಡಿ ಬಿದ್ದು ಆದ ತೂತು. ಎಳೆ ತುಂಡಾಗದೆ ಬರಬೇಕಾದರೆ ಅವಸರ ಮಾಡುವಂತಿಲ್ಲ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಕಣ್ಣು ಎಳೆಯ ಮೇಲಿತ್ತು, ಕಿವಿ ಬೇಳೆಯ ಮೇಲಿತ್ತು.

"ಏ, ಹೊರಗೆ ಬಾ ಸ್ವಲ್ಪ," ಹಿತ್ತಲಿನಿಂದ ಗಂಡ ಕರೆದ. "ಮೇಸ್ತ್ರಿ ಗೆರೆ ಹಾಕ್ತಿದ್ದಾನೆ."

"ಬೇಳೆ ಇದೆ ರೀ ಒಲೆ ಮೇಲೆ."

"ಬೇಳೆ ಎಲ್ಲಿಗೂ ಓಡಿಹೋಗಲ್ಲ."

"ಉಕ್ಕಿದ್ರೆ ಓಡುತ್ತೆ," ಎಂದಳು, ಅವನಿಗೆ ಕೇಳಿಸದಷ್ಟು ಮೆಲ್ಲಗೆ.

ಅವಳದು ರಫೂ ಕೆಲಸ. ಸುಟ್ಟ, ಹರಿದ, ನುಸಿ ತಿಂದ ಬಟ್ಟೆಗೆ ಅದರದೇ ಎಳೆ ತೆಗೆದು, ಏನೂ ಆಗಿರಲೇ ಇಲ್ಲ ಎನ್ನುವಂತೆ ನೇಯ್ದು ಮುಚ್ಚುವುದು. ಬೀದಿಯ ಕೊನೆಯ ಲಾಂಡ್ರಿಯಿಂದ ಬಟ್ಟೆ ಬರುತ್ತಿತ್ತು, ಮುಗಿದ ಮೇಲೆ ಅಲ್ಲಿಗೇ ಹೋಗುತ್ತಿತ್ತು. ಅಡುಗೆಮನೆಯ ಹಿತ್ತಲ ಕಿಟಕಿಯ ಕೆಳಗೆ ಅವಳ ಮೇಜು. ಈ ಕೆಲಸಕ್ಕೆ ಬೆಳಕು ಪಕ್ಕದಿಂದ ಬರಬೇಕು. ಎದುರಿನಿಂದ ಬಂದರೆ ಕಣ್ಣು ಕುಕ್ಕುತ್ತದೆ, ಹಿಂದಿನಿಂದ ಬಂದರೆ ತನ್ನ ತಲೆಯ ನೆರಳೇ ಬಟ್ಟೆಯ ಮೇಲೆ ಬೀಳುತ್ತದೆ. ಆ ಕಿಟಕಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಳಕು ಎಡಗಡೆಯಿಂದ ಬರುತ್ತಿತ್ತು. ಮದುವೆಯಾಗಿ ಬಂದ ವರ್ಷವೇ ಅವಳು ಅದನ್ನು ಕಂಡುಕೊಂಡಿದ್ದಳು.

ಗಾಜಿನ ಕೋಣೆಯ ಮಾತು ಶುರುವಾದದ್ದು ಅತ್ತೆಯ ಮಂಡಿನೋವಿನಿಂದ. ಬೆಳಗಿನ ಬಿಸಿಲಿಗೆ ಕೂರಿ ಎಂದು ಡಾಕ್ಟರು ಹೇಳಿದರು. ಹಿತ್ತಲಲ್ಲಿ ಬಿಸಿಲಿತ್ತು, ಜೊತೆಗೆ ಗಾಳಿಯೂ ಇತ್ತು, ಪಕ್ಕದ ಮನೆಯ ನಾಯಿಯೂ ಇತ್ತು. ಗಂಡ ಬಸ್ ಡಿಪೋದ ಕಚೇರಿಯಲ್ಲಿ ವೇಳಾಪಟ್ಟಿ ಬರೆಯುವವನು. ಫೈಲು ಕೊಡಲೆಂದು ಮೇಲಧಿಕಾರಿಯ ಮನೆಗೆ ಹೋದವನು ಅಲ್ಲಿ ಗಾಜಿನ ಕೋಣೆಯಲ್ಲಿ ಕೂತು ಚಹಾ ಕುಡಿದು ಬಂದ. ಅಂದಿನಿಂದ ಅವನ ಬಾಯಲ್ಲಿ ಅದೇ ಮಾತು. ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಅಜ್ಜಿಯ ಟಿವಿಯ ಪಕ್ಕ ಕೂತು ಓದಿದರೆ ಧಾರಾವಾಹಿಯ ಅಳುವೇ ಉತ್ತರಪತ್ರಿಕೆಗೂ ಇಳಿಯುತ್ತದೆ ಎಂದು ಅವಳ ದೂರು. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಕಾರಣವಿತ್ತು. ಹೆಂಡತಿಗೆ ಬೇಕಾದ ಕಾರಣವನ್ನು ಗಂಡನೇ ತಂದುಕೊಟ್ಟ.

"ಮೂರೂ ಕಡೆ ಗಾಜು ಕಣೇ. ನಿನ್ನ ಮೇಜು ಅಲ್ಲೇ ಹಾಕ್ಕೋ. ಹಬೆ ಇಲ್ಲ, ಎಣ್ಣೆ ಸಿಡಿಯಲ್ಲ. ನಿನಗೋಸ್ಕರಾನೇ ಮಾಡಿಸ್ತಿರೋದು ಅನ್ಕೋ."

ಕೋಣೆ ಬರುವುದು ಅಡುಗೆಮನೆಯ ಹಿಂದಿನ ಗೋಡೆಗೆ ತಾಗಿಕೊಂಡು. ಅಂದರೆ ಅವಳ ಕಿಟಕಿಯ ಆಚೆ ಇನ್ನು ಹಿತ್ತಲಿರುವುದಿಲ್ಲ, ಇನ್ನೊಂದು ಕೋಣೆ ಇರುತ್ತದೆ. ಅದು ಅವಳಿಗೆ ಗೊತ್ತಿತ್ತು. ಮೇಜೇ ಆಚೆ ಹೋಗುವಾಗ ಕಿಟಕಿ ಹೋದರೇನು ಎಂದುಕೊಂಡು ಒಪ್ಪಿದ್ದಳು. ಪಾತ್ರೆ ತೊಳೆಯುವಾಗ ಒಂದೆರಡು ಸಲ ಆ ಇಲ್ಲದ ಕೋಣೆಯ ಮೂಲೆಯಲ್ಲಿ ಮೇಜನ್ನು ಇಟ್ಟು, ತಿರುಗಿಸಿ, ಬೆಳಕು ಎಡಕ್ಕೆ ಬರುವಂತೆ ಮಾಡಿ ನೋಡಿಯೂ ಇದ್ದಳು.

ಬೇಳೆಯ ಉರಿ ತಗ್ಗಿಸಿ ಬಾಗಿಲಿಗೆ ಬಂದಾಗ ಹಿತ್ತಲಲ್ಲಿ ಮೇಸ್ತ್ರಿ ಸುಣ್ಣದ ಪುಡಿ ಉದುರಿಸುತ್ತ ಹಿಂದೆ ಹಿಂದೆ ನಡೆಯುತ್ತಿದ್ದ. ನೆಲದ ಮೇಲೆ ಬಿಳಿ ಗೆರೆಯ ಕೋಣೆಯೊಂದು ಎದ್ದಿತ್ತು.

"ಬರೀ ಗೆರೆ ನೋಡಿದ್ರೆ ಅಂದಾಜು ಸಿಗಲ್ಲ ಸಾರ್," ಎಂದ ಮೇಸ್ತ್ರಿ. "ಏನೇನು ಇಡ್ತೀರೋ ತಂದು ಒಳಗಿಟ್ಟುಬಿಡಿ. ಓಡಾಡಿ ನೋಡಿ. ಸಾಲದಿದ್ರೆ ಈಗಲೇ ಹೇಳಿ. ಸುಣ್ಣ ಅಳಿಸಬಹುದು, ಗೋಡೆ ಅಳಿಸೋಕಾಗಲ್ಲ."

ಮನೆಯವರಿಗೆಲ್ಲ ಇದು ಆಟದಂತೆ ಹಿಡಿಸಿತು. ಗಂಡ ಅತ್ತೆಯ ಮಂಚವನ್ನು ಬಿಚ್ಚಿ ತಂದು ಗೆರೆಯೊಳಗೆ ಜೋಡಿಸಿದ. ಮಗಳು ಓದುವ ಮೇಜು, ಕುರ್ಚಿ ಎಳೆದು ತಂದಳು. ಗಂಡ ಬೆತ್ತದ ಎರಡು ಕುರ್ಚಿಗಳನ್ನು, ನಡುವೆ ಚಹಾ ಇಡುವ ಸ್ಟೂಲನ್ನು ಇಟ್ಟ. ಹೂಕುಂಡಗಳನ್ನು ಗೆರೆಯುದ್ದಕ್ಕೂ ಸಾಲಾಗಿ ನಿಲ್ಲಿಸಿದ.

"ಅಮ್ಮಾ, ನಿನ್ನ ಮೇಜೂ ತಾ," ಎಂದಳು ಮಗಳು.

ಅವಳು ಒಳಗೆ ತಿರುಗಿ ನೋಡಿದಳು. ಮೇಜಿನ ಮೇಲೆ ಪ್ಯಾಂಟು ಹರಡಿತ್ತು. ತೆಗೆದಿಟ್ಟ ಎಳೆಗಳು ಒಂದರ ಪಕ್ಕ ಒಂದು ಮಲಗಿದ್ದವು, ಒಂದು ಸೀನು ಬಂದರೂ ಹಾರಿಹೋಗುವಷ್ಟು ಹಗುರ.

"ಈಗ ಅಲ್ಲಾಡಿಸೋ ಹಾಗಿಲ್ಲ. ಎಳೆ ಎಲ್ಲ ಕೆದರಿಹೋಗುತ್ತೆ. ಬೇರೆಯವರ ಬಟ್ಟೆ."

"ಇರ್ಲಿ ಬಿಡು," ಎಂದ ಗಂಡ. "ನಿನ್ನ ಮೇಜು ಎಷ್ಟಿದೆ ಅಂತ ಗೊತ್ತೇ ಇದೆಯಲ್ಲ. ಲೆಕ್ಕಕ್ಕೆ ಹಿಡ್ಕೋತೀವಿ."

ಮಧ್ಯಾಹ್ನದ ಊಟವೂ ಗೆರೆಯೊಳಗೇ ಆಗಲಿ ಎಂದರು ಅತ್ತೆ. ಅವಳು ಅನ್ನದ ಪಾತ್ರೆ ಹಿಡಿದು ಹತ್ತಿರದ ದಾರಿಯಲ್ಲಿ ಕಾಲಿಟ್ಟಾಗ ಮಗಳು ಕೂಗಿಕೊಂಡಳು. "ಅಮ್ಮಾ! ಅದು ಗೋಡೆ! ಬಾಗಿಲಿಂದ ಬಾ!" ಎಲ್ಲರೂ ನಕ್ಕರು. ಅವಳೂ ನಕ್ಕು, ಸುತ್ತು ಹಾಕಿ, ಮೇಸ್ತ್ರಿ ಬಿಟ್ಟಿದ್ದ ಬಾಗಿಲಿನ ಸಂದಿಯಿಂದ ಒಳಗೆ ಹೋಗಿ ಬಡಿಸಿದಳು.

"ಸಾಕಷ್ಟು ದೊಡ್ಡದಾಯ್ತು," ಎಂದರು ಅತ್ತೆ, ಮಂಚದ ಮೇಲೆ ಕಾಲು ಚಾಚಿ. "ಓಡಾಡೋಕೂ ಜಾಗ ಇದೆ."

"ಸ್ವಲ್ಪ ಜಾಸ್ತಿನೇ ಆಯ್ತೇನೋ," ಎಂದ ಗಂಡ. ಕುರ್ಚಿಯ ಹಿಂದೆ ಬಯಲಾಗಿ ಉಳಿದಿದ್ದ ನೆಲವನ್ನು ನೋಡಿ ಮೇಸ್ತ್ರಿಗೆ ಹೇಳಿದ, "ಈ ಕಡೆ ಸುಮ್ಮನೆ ಹಾಳು ಬಿದ್ದಿದೆಯಲ್ಲ. ಗೆರೆ ಒಳಗೆ ತಗೊಂಡುಬಿಡು. ಗಾಜೂ ಉಳಿಯುತ್ತೆ."

ಮೇಸ್ತ್ರಿ ಕಾಲಿನಿಂದ ಗೆರೆ ಅಳಿಸಿ ಹೊಸ ಗೆರೆ ಹಾಕಿದ. ಅವಳು ಆಗ ನೀರಿನ ಜಗ್ ತರಲು ಒಳಗೆ ಹೋಗಿದ್ದಳು. ಬಂದಾಗ ಎಲ್ಲವೂ ಅಚ್ಚುಕಟ್ಟಾಗಿ ಹೊಂದಿಕೊಂಡಿತ್ತು. ಏನೋ ಬದಲಾಗಿದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಮಗಳು ಇನ್ನೊಂದಿಷ್ಟು ಬೇಳೆ ಕೇಳಿದಳು.

*

ಪಾಯ ತೋಡಿದರು, ಗೋಡೆ ಎತ್ತಿದರು. ಅಡುಗೆಮನೆಯ ಪಾತ್ರೆಗಳ ಮೇಲೆ, ಸಕ್ಕರೆಯ ಡಬ್ಬದೊಳಗೆ, ಅತ್ತೆಯ ಕನ್ನಡಕದ ಮೇಲೆ ಸಿಮೆಂಟಿನ ಧೂಳು ಕೂತಿತು. ಉಣ್ಣೆಬಟ್ಟೆಗೆ ಅದು ಹತ್ತಿದರೆ ಮುಗಿಯಿತು. ಅವಳು ಬಟ್ಟೆಗಳನ್ನು ಗಂಟು ಕಟ್ಟಿಕೊಂಡು ಲಾಂಡ್ರಿಗೆ ಹೋದಳು.

ಲಾಂಡ್ರಿ ನಡೆಸುವವಳನ್ನು ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ದಪ್ಪ ದೇಹ, ಅದಕ್ಕಿಂತ ದಪ್ಪ ದನಿ. ಅವಳು ಇವಳನ್ನು ಕರೆಯುತ್ತಿದ್ದುದು ಸೂಜಿ ಎಂದು.

"ಬಾರೇ ಸೂಜಿ. ನಿನ್ನ ಗಂಡ ಅರಮನೆ ಕಟ್ಟಿಸ್ತಿದ್ದಾನಂತೆ?"

"ಅರಮನೆ ಎಲ್ಲಿ ಬಂತು ಅಕ್ಕ. ಗಾಜಿನ ಕೋಣೆ."

"ಗಾಜಾ! ದಿನಾ ಒರೆಸೋರು ಯಾರು?"

"ಇನ್ಯಾರು?"

ಇಸ್ತ್ರಿ ಅಕ್ಕ ನಕ್ಕ ರಭಸಕ್ಕೆ ಕೌಂಟರಿನ ಮೇಲಿನ ಹ್ಯಾಂಗರುಗಳು ಅಲುಗಾಡಿದವು. ನಗು ಮುಗಿದ ಮೇಲೆ ಬೀದಿಗೆ ಮುಖಮಾಡಿದ ದೊಡ್ಡ ಕಿಟಕಿಯ ಪಕ್ಕದಲ್ಲಿದ್ದ ಬಟ್ಟೆಮೂಟೆಗಳನ್ನು ಕಾಲಿನಿಂದ ಸರಿಸಿ, ಒಂದು ಕುರ್ಚಿ ಎಳೆದು ಹಾಕಿದಳು. "ಕೆಲಸ ಮುಗಿಯೋವರೆಗೂ ಇಲ್ಲೇ ಕೂತ್ಕೋ. ನನಗೂ ಮಾತಿಗೊಬ್ಬರು ಸಿಕ್ಕ ಹಾಗಾಯ್ತು."

ಅಲ್ಲಿ ಬೆಳಕು ಬಲಗಡೆಯಿಂದ ಬರುತ್ತಿತ್ತು. ಅವಳು ಕುರ್ಚಿಯನ್ನು ತಿರುಗಿಸಿ ಕೂತಳು. ಕೌಂಟರಿಗೆ ಬೆನ್ನಾಯಿತು, ಬೆಳಕು ಎಡಕ್ಕಾಯಿತು.

ದಿನವೂ ಮನೆಯ ತಿಂಡಿ ಮುಗಿಸಿ, ಬಟ್ಟೆ ಒಣಹಾಕಿ, ಮಧ್ಯಾಹ್ನದ ಅಡುಗೆ ಮುಚ್ಚಿಟ್ಟು ಹೋಗುತ್ತಿದ್ದಳು. ಲಾಂಡ್ರಿಯಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಇಸ್ತ್ರಿ ಅಕ್ಕ ಮಾತಾಡುತ್ತಿದ್ದಳು, ಉತ್ತರ ಬೇಕೆಂದಿರಲಿಲ್ಲ. ಆವಿಯ ಇಸ್ತ್ರಿ ಬುಸ್ಸೆನ್ನುತ್ತಿತ್ತು. ಒಮ್ಮೊಮ್ಮೆ ತಲೆಯೆತ್ತಿದರೆ ಅರ್ಧ ದಿನ ಕಳೆದಿರುತ್ತಿತ್ತು.

ಮನೆಯಲ್ಲಿ ಮಾತು ಏಳಲು ತಡವಾಗಲಿಲ್ಲ.

"ಅನ್ನ ತಣ್ಣಗಾಗಿತ್ತು ಇವತ್ತು," ಎಂದರು ಅತ್ತೆ.

"ಬಿಸಿ ಮಾಡ್ಕೋಬಹುದಿತ್ತಲ್ಲ ಅಜ್ಜಿ," ಎಂದಳು ಮಗಳು, ಮೊಬೈಲಿನಿಂದ ಕಣ್ಣು ತೆಗೆಯದೆ.

"ನೀನು ಮಾಡಿಕೊಡಬಹುದಿತ್ತಲ್ಲ ತಾಯಿ. ಮನೇಲೇ ಇದ್ದೆ."

"ನಾನು ಓದ್ತಿದ್ದೆ."

"ಹೌದು, ನೋಡಿದೆ. ಪುಸ್ತಕ ಕಿಸಿಕಿಸಿ ನಗ್ತಿತ್ತು."

"ಸ್ವಲ್ಪ ದಿನ ತಡ್ಕೋಮ್ಮಾ," ಎಂದ ಗಂಡ. "ಕೋಣೆ ಮುಗಿದ್ರೆ ಅವಳು ಯಾಕೆ ಅಲ್ಲಿಗೆ ಹೋಗ್ತಾಳೆ?"

ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನಾರನ್ನು ಒಂದು ಕಡೆ, ಕಾಯನ್ನು ಒಂದು ಕಡೆ ಹಾಕಿದಳು.

ಗೋಡೆ ಸೊಂಟದೆತ್ತರಕ್ಕೆ ಬಂದಾಗ ಮೇಸ್ತ್ರಿ ಅಡುಗೆಮನೆಯ ಕಿಟಕಿಯ ಮುಂದೆ ನಿಂತು ತಲೆ ಕೆರೆದುಕೊಂಡ. "ಇದನ್ನೇನು ಮಾಡೋದು ಸಾರ್? ಇಟ್ಟಿಗೆ ಇಟ್ಟು ಮುಚ್ಚಿಬಿಡ್ಲಾ?"

"ಮುಚ್ಚಬೇಡ," ಎಂದಳು ಅವಳು.

ಗಂಡ ಸ್ವಲ್ಪ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು. "ಕಂಬಿ ತೆಗೆದು ಒಂದು ಹಲಗೆ ಕೂರಿಸು. ಚಹಾ, ತಿಂಡಿ ಎಲ್ಲಾ ಇಲ್ಲಿಂದಲೇ ಕೊಡಬಹುದು. ಅವಳಿಗೂ ಸುತ್ತಿ ಬರೋ ಕಷ್ಟ ತಪ್ಪುತ್ತೆ."

"ಡಿಪೋ ಕ್ಯಾಂಟೀನ್ ಥರ!" ಎಂದಳು ಮಗಳು.

"ಟೋಕನ್ ತಗೋಬೇಕು ಮತ್ತೆ," ಎಂದ ಗಂಡ. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ.

*

ಗಾಜು ಕೂರಿಸಿದ ದಿನ ಮನೆಯೊಳಗೆ ಹಿಂದೆಂದೂ ಇಲ್ಲದ ಬೆಳಕು ಬಂತು. ಅಡುಗೆಮನೆಗೆ ಮಾತ್ರ ಬರಲಿಲ್ಲ. ಗಾಜಿಗೆ ಎಳೆದ ಪರದೆ, ಪರದೆಯ ಈಚೆ ಕುಂಡಗಳು, ಕುಂಡಗಳ ಈಚೆ ಜನ. ಎಲ್ಲವನ್ನೂ ದಾಟಿ ಹಲಗೆಯ ಹತ್ತಿರ ಬರುವಷ್ಟರಲ್ಲಿ ಬೆಳಕಿಗೆ ಸುಸ್ತಾಗಿರುತ್ತಿತ್ತು. ಹಗಲಲ್ಲೇ ದೀಪ ಹಾಕಿ ತರಕಾರಿ ಹೆಚ್ಚಬೇಕಾಯಿತು. ಕೋಣೆಗೆ ಹೋಗಲು ಇದ್ದದ್ದು ಅಡುಗೆಮನೆಯ ಮೂಲಕದ ದಾರಿಯೊಂದೇ. ಮಗಳ ಗೆಳತಿಯರು, ಗಂಡನ ಕಚೇರಿಯವರು, ಅತ್ತೆಯನ್ನು ನೋಡಲು ಬಂದವರು, ಎಲ್ಲರೂ ಒಲೆಯ ಪಕ್ಕದಿಂದ ಹಾದುಹೋಗಿ ಹಾದುಬರುತ್ತಿದ್ದರು. ಹೋಗುವವರು ಪಾತ್ರೆಯ ಮುಚ್ಚಳ ಎತ್ತಿ ನೋಡಿ "ಇವತ್ತೇನು?" ಎನ್ನುತ್ತಿದ್ದರು.

ಅತ್ತೆ ಮಾತ್ರ ನಿಜವಾಗಿ ಸುಖವಾಗಿದ್ದರು. ಬೆಳಗಿನ ಬಿಸಿಲಿಗೆ ಮಂಡಿಗಳನ್ನು ಒಡ್ಡಿ ಕಣ್ಣು ಮುಚ್ಚಿ ಕೂತರೆ ಅವರ ಮುಖದ ಗಂಟುಗಳೆಲ್ಲ ಸಡಿಲವಾಗುತ್ತಿದ್ದವು. ಇಷ್ಟು ವರ್ಷಗಳಲ್ಲಿ ಆ ಮುಖವನ್ನು ಅವಳು ಹಾಗೆ ನೋಡಿರಲಿಲ್ಲ. ರಾತ್ರಿಯೂ ಅಲ್ಲೇ ಮಲಗುತ್ತೇನೆ ಎಂದರು. ಯಾರೂ ಬೇಡವೆನ್ನಲಿಲ್ಲ.

ಅವಳ ಮೇಜನ್ನು ಗಂಡ ತಾನೇ ಹೊತ್ತು ಗಾಜಿನ ಕೋಣೆಗೆ ತಂದ. ಬಾಗಿಲಲ್ಲಿ ನಿಂತು ಕೋಣೆಯನ್ನು ನೋಡಿದ. ಮಂಚದ ಕಡೆ ಹೋದ, ಕುಂಡಗಳ ಕಡೆ ಹೋದ, ಮಗಳ ಮೇಜಿನ ಪಕ್ಕಕ್ಕೆ ಒತ್ತಿ ನೋಡಿದ. ಬಾಗಿಲು ತೆರೆಯಲಾಗಲಿಲ್ಲ.

"ಅರೆ," ಎಂದ. "ಗೆರೆ ಹಾಕಿದಾಗ ಎಲ್ಲಾ ಹಿಡಿದಿತ್ತಲ್ಲ?"

"ಎಲ್ಲಾ ಹಿಡಿದಿತ್ತು," ಎಂದಳು ಅವಳು. "ಇದು ಮಾತ್ರ ಅಡುಗೆಮನೇಲಿತ್ತು."

ಅವನಿಗೆ ನೆನಪಾಯಿತೋ ಇಲ್ಲವೋ. "ನೀನು ಆವತ್ತೇ ತಂದಿಡಬೇಕಿತ್ತು ಕಣೇ," ಎಂದು ಮೇಜನ್ನು ಮತ್ತೆ ಹೊತ್ತು ಹೊರಗೆ ನಡೆದ. "ಸದ್ಯಕ್ಕೆ ಮಹಡಿ ಮೆಟ್ಟಿಲ ಕೆಳಗಿರ್ಲಿ. ಒಂದು ಟ್ಯೂಬ್‌ಲೈಟ್ ಹಾಕಿಸಿಕೊಡ್ತೀನಿ. ಹಗಲು ಮೀರಿಸೋ ಬೆಳಕು."

ಟ್ಯೂಬ್‌ಲೈಟ್ ಮಾರನೆಯ ದಿನವೇ ಬಂತು. ಈ ವಿಷಯದಲ್ಲಿ ಅವನು ಮಾತಿಗೆ ತಪ್ಪುವವನಲ್ಲ.

"ನನ್ನ ಮಂಚದ ತುದೀಲಿ ಕೂತು ಮಾಡ್ಕೊಳ್ಳೇ," ಎಂದು ಅತ್ತೆಯೂ ಕರೆದರು. "ನಾನೇನು ಮಂಚಾನೆಲ್ಲಾ ತಿಂದುಬಿಡ್ತೀನಾ?"

ಒಂದು ಬೆಳಿಗ್ಗೆ ಅವಳು ಹಾಗೆ ಕೂತು ನೋಡಿದಳು. ಬೆಳಕು ಎಡದಿಂದ, ಬಲದಿಂದ, ಎದುರಿನಿಂದ ಒಟ್ಟಿಗೇ ಬಂದು ಎಳೆಗಳ ಸಂದುಗಳೇ ಕಾಣದಂತಾದವು. ಅತ್ತೆ ಕಾಲು ಮಡಚಿದಾಗ ಹಾಸಿಗೆ ಒಂದು ಕಡೆ ಏಳುತ್ತಿತ್ತು, ಚಾಚಿದಾಗ ಇನ್ನೊಂದು ಕಡೆ ಏಳುತ್ತಿತ್ತು. ಜೊತೆಗೆ ಪಕ್ಕದ ಮನೆಯ ಸೊಸೆಯ ಕಥೆ. ಬಟ್ಟೆಯ ಪಕ್ಕದಲ್ಲೇ ಕೆಂಪಗೇನೋ ಕಂಡಾಗ ಸೂಜಿ ಬೆರಳಿಗೆ ಹೊಕ್ಕಿರುವುದು ಗೊತ್ತಾಯಿತು. ನೋವೇನೂ ಆಗಿರಲಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು ಎದ್ದಳು.

"ಅಷ್ಟು ಬೇಗ ಆಯ್ತಾ?" ಎಂದರು ಅತ್ತೆ. "ಹೋಗ್ತಾ ಆ ದಾರದ ಚೂರುಗಳನ್ನು ಆರಿಸ್ಕೊಂಡು ಹೋಗೇ. ಯಾರಾದ್ರೂ ಬಂದ್ರೆ ಚೆನ್ನಾಗಿರಲ್ಲ."

ಅವಳು ಮೆಟ್ಟಿಲ ಕೆಳಗೆ ಕೂತಳು. ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು, ಕೂತರೆ ಸರಿಹೋಗುತ್ತಿತ್ತು. ಮೇಲೆ ಮಗಳು ಓಡಿದಾಗ ಸುಣ್ಣ ಉದುರುತ್ತಿತ್ತು.

*

ಬ್ಯಾಂಡ್ ಮಾಸ್ತರರ ಕೋಟು ಬಂದದ್ದು ಆ ವಾರ. ಎದೆಯ ಎಡಗಡೆ ಮೊಳೆ ತಾಗಿ ಹರಿದಿತ್ತು. ಹಿಂದೆ ಯಾರೋ ಅದನ್ನು ಬಿಚ್ಚಿ ಹೊಲಿದು ಒಳಹೊಲಿಗೆಯ ಬಟ್ಟೆಯನ್ನೆಲ್ಲ ಕತ್ತರಿಸಿ ಎಸೆದಿದ್ದರು. ಎಳೆ ತೆಗೆಯಲು ಏನೂ ಉಳಿದಿರಲಿಲ್ಲ. ಅವಳು ತನ್ನ ಹಳೆಯ ಎಳೆಗಳ ಡಬ್ಬ ತೆಗೆದು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ, ಹೊಂದುವುದನ್ನು ಆರಿಸಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎರಡು ದಿನ ನೇಯ್ದಳು. ಮುಗಿದ ಮೇಲೆ ಹರಿದ ಜಾಗ ಯಾವುದೆಂದು ಅವಳಿಗೇ ಕಾಣಲಿಲ್ಲ.

ವಾರ ಕಳೆಯುವುದರೊಳಗೆ ಕೋಟು ವಾಪಸು ಬಂತು. ಇಸ್ತ್ರಿ ಅಕ್ಕ ಅವಳನ್ನು ಕರೆಸಿ ಕೋಟನ್ನು ಅಂಗಡಿಯ ಕಿಟಕಿಗೆ ಹಿಡಿದಳು. ಕೋಟು ಕಡು ನೀಲಿ. ಅವಳು ನೇಯ್ದ ಜಾಗ ಕಪ್ಪು.

"ಮೈದಾನದಲ್ಲಿ ಬಿಸಿಲಿಗೆ ನಿಂತು ಕೋಲು ಎತ್ತಿದ್ರಂತೆ," ಎಂದಳು ಇಸ್ತ್ರಿ ಅಕ್ಕ. "ತುತ್ತೂರಿ ಊದೋನು ಊದೋದು ಬಿಟ್ಟು, 'ಸಾರ್, ಎದೆ ಮೇಲೆ ಜೇಡ' ಅಂದನಂತೆ. ಮಾಸ್ತರು ಒದರಿಕೊಂಡಿದ್ದೇ ಒದರಿಕೊಂಡಿದ್ದು."

ಅವಳು ನಗಲಿಲ್ಲ. ಈ ಕೆಲಸ ಶುರುಮಾಡಿದಾಗಿನಿಂದ ಅವಳು ಕಪ್ಪಿಗೂ ನೀಲಿಗೂ ತಪ್ಪಿದ್ದೇ ಇಲ್ಲ.

"ಕಣ್ಣೇನಾದ್ರೂ...?" ಎಂದಳು ಇಸ್ತ್ರಿ ಅಕ್ಕ.

ಅವಳು ಕೋಟನ್ನು ತೆಗೆದುಕೊಂಡು ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ, ತಿರುಗಿ ಕೂತು ನೋಡಿದಳು. ನೀಲಿಯ ಒಂದೊಂದು ಎಳೆಯೂ, ಕಪ್ಪಿನ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಂಡವು.

"ಕಣ್ಣು ಸರಿಯಾಗಿದೆ," ಎಂದಳು.

"ಹಾಗಾದ್ರೆ ಎಲ್ಲಿ ಕೂತು ಮಾಡಿದೆ ಇದನ್ನ?"

ಅವಳು ಕೋಟನ್ನು ಮಡಿಸಿದಳು. ಇಸ್ತ್ರಿ ಅಕ್ಕ ಒಂದು ಅಂಗಿಯ ಕಾಲರು ಒತ್ತಿದಳು. ಆಮೇಲೆ ಹೇಳಿದಳು: "ನೋಡೇ ಸೂಜಿ, ಆ ಕುರ್ಚಿ ನೀನು ಬಿಟ್ಟುಹೋದ ಹಾಗೇ ಇದೆ. ಗುಂಡಿ ಹಾಕೋಳೊಬ್ಬಳು ಆ ಜಾಗ ಕೇಳ್ತಿದ್ದಾಳೆ. ಬೆಳಿಗ್ಗೆಯಿಂದ ಸಂಜೆವರೆಗೂ ಕೂರ್ತಾಳಂತೆ. ಸೋಮವಾರ ಹೇಳ್ತೀನಿ ಅಂದಿದ್ದೀನಿ. ನೀನು ಬರೋದಾದ್ರೆ ಅವಳಿಗೆ ಇಲ್ಲ ಅಂತೀನಿ. ಬರೋದು ಅಂದ್ರೆ ಪೂರ್ತಿ ಬರೋದು, ಧೂಳಿದ್ದಾಗ ಮಾತ್ರ ಅಲ್ಲ."

"ಮನೇಲಿ ಕೇಳಿ ಹೇಳ್ತೀನಿ ಅಕ್ಕ."

"ಕೇಳು. ಕೇಳಿದ್ರೆ ಏನಂತಾರೆ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಆದ್ರೂ ಕೇಳು."

ಆ ಸಂಜೆ ಗಾಜಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದರು. ಅವಳು ಹಲಗೆಯ ಈ ಕಡೆ ನಿಂತು ಮೊಟ್ಟೆ ಒಡೆದು ಕಾವಲಿಗೆ ಹಾಕುತ್ತ ಒಂದೊಂದಾಗಿ ದಾಟಿಸುತ್ತಿದ್ದಳು.

"ಕೋಟು ವಾಪಸ್ ಬಂತು," ಎಂದಳು. "ಬಣ್ಣ ತಪ್ಪಾಗಿದೆ."

"ನಿನ್ನದಾ?" ಎಂದ ಗಂಡ. ನಿಜಕ್ಕೂ ಅವನಿಗೆ ಆಶ್ಚರ್ಯವಾಯಿತು. "ವಯಸ್ಸಾಯ್ತು ಕಣೇ ನಮಗೂ. ಕಣ್ಣು ಮೊದಲಿನ ಹಾಗಿರುತ್ತಾ? ಸಾಕು ಮಾಡು. ದುಡಿಲೇಬೇಕು ಅಂತ ನಿನ್ನ ತಲೆ ಮೇಲೆ ಯಾರಾದ್ರೂ ಕೂತಿದ್ದಾರಾ?"

"ಕಣ್ಣು ಸರಿಯಾಗಿದೆ. ಬೆಳಕು ಸರಿಯಿಲ್ಲ. ನನಗೆ ಅಲ್ಲಿ ಮೇಜು ಹಾಕೋಕೆ ಜಾಗ ಬೇಕು."

ಅಷ್ಟು ನೇರವಾಗಿ ಅವಳು ಕೇಳಿದ್ದು ಅದೇ ಮೊದಲು.

"ಹಾಕೋಣ," ಎಂದ ಗಂಡ. "ಯಾರು ಬೇಡ ಅಂದ್ರು? ಈ ಗಿಡಗಳು ಒಂದು ಹಂತಕ್ಕೆ ಬರ್ಲಿ, ಹೊರಗಿಡೋಣ. ಈಗಲೇ ಇಟ್ರೆ ಒಣಗಿಹೋಗ್ತವೆ."

"ನನ್ನ ಪರೀಕ್ಷೆ ಮುಗೀಲಿ ಅಮ್ಮ. ಆಮೇಲೆ ನನ್ನ ಮೇಜೇ ತಗೋ."

"ನನ್ನನ್ನೇನು ಕೇಳ್ತೀರಿ," ಎಂದರು ಅತ್ತೆ. "ನಾನು ಹೋದ ಮೇಲೆ ಮಂಚದ ಜಾಗ ಹೇಗೂ ಖಾಲಿಯಾಗುತ್ತೆ. ಅಲ್ಲಿ ಹಾಕ್ಕೊಳ್ಳಮ್ಮ."

"ಅಮ್ಮಾ! ಊಟದ ಹೊತ್ತಲ್ಲಿ ಅದೆಂಥಾ ಮಾತು?"

"ಇದ್ದದ್ದು ಹೇಳಿದೆ. ನಾನೇನು ಕಲ್ಲುಗುಂಡಾ?"

"ಅಜ್ಜಿ, ನೀನು ನಮ್ಮೆಲ್ಲರನ್ನೂ ಕಳಿಸಿ ಬಾಗಿಲು ಹಾಕ್ಕೊಂಡು ಬರೋಳು."

"ಬಾಯಿ ನೋಡು ಇವಳದು!" ಎಂದರು ಅತ್ತೆ, ನಗುತ್ತ. ಮಾತು ಅತ್ತೆಯ ಆಯಸ್ಸಿನ ಕಡೆ ಹೊರಳಿತು. ಅವರ ಅಮ್ಮ ಎಷ್ಟು ವರ್ಷ ಬದುಕಿದ್ದರು, ಅವರ ಅಜ್ಜಿಗೆ ಕೊನೆಯವರೆಗೂ ಹಲ್ಲು ಹೇಗೆ ಗಟ್ಟಿಯಿತ್ತು. ಮೇಜಿನ ವಿಷಯ ಎಲ್ಲಿ ಬಿತ್ತೋ ಅಲ್ಲೇ ಉಳಿಯಿತು.

"ಇನ್ನೊಂದು ಮೊಟ್ಟೆ ಇದೆಯಾ?" ಎಂದು ಗಂಡ ತಟ್ಟೆಯನ್ನು ಹಲಗೆಯ ಮೇಲಿಟ್ಟ.

ಇತ್ತು. ಅವಳದೇ. ಒಡೆದು ಹಾಕಿ ಕೊಟ್ಟಳು.

*

ಭಾನುವಾರ ನಾದಿನಿ ತನ್ನ ಗಂಡನ ಜೊತೆ ಕೋಣೆ ನೋಡಲು ಬರುವವಳಿದ್ದಳು. ಇವಳು ಬೇಗನೆದ್ದು ಅಡುಗೆಗೆ ತರಕಾರಿ ಹೆಚ್ಚಿಟ್ಟು, ಗಾಜುಗಳನ್ನು ಹೊರಗಿನಿಂದ ಒರೆಸಿದಳು. ಒಳಗೆ ಅತ್ತೆ ಇನ್ನೂ ಮಲಗಿದ್ದರು, ಬಾಯಿ ಅರೆತೆರೆದು, ಒಂದು ಕೈ ಮಂಡಿಯ ಮೇಲಿಟ್ಟುಕೊಂಡು. ಗಾಜಿನ ಮೇಲೆ ಬಟ್ಟೆ ಓಡಿಸಿದಾಗ ಅವರ ಮುಖದ ಮೇಲೂ ಓಡಿಸಿದಂತೆ ಕಾಣುತ್ತಿತ್ತು.

ಆಮೇಲೆ ಕೋಟು ತಂದು ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಳು. ಬೆಳಕಿದ್ದದ್ದು, ಯಾರೂ ಇಲ್ಲದ್ದು ಅದೊಂದೇ ಜಾಗ. ಕಪ್ಪು ಎಳೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ತಾನೇ ನೇಯ್ದದ್ದನ್ನು ಬಿಚ್ಚುವುದು ನೇಯುವುದಕ್ಕಿಂತ ನಿಧಾನದ ಕೆಲಸ, ಗಂಟು ಎಲ್ಲೆಲ್ಲಿ ಬಚ್ಚಿಟ್ಟಿದೆ ಎಂದು ಗೊತ್ತಿದ್ದರೂ. ಹಾಲಿನವನು ಕ್ಯಾನು ಇಳಿಸಿ ಕೇಳಿದ, "ಏನಮ್ಮ, ಅಷ್ಟು ದೊಡ್ಡ ಗಾಜಿನ ಕೋಣೆ ಇಟ್ಕೊಂಡು ಬೀದೀಲಿ ಕೂತಿದ್ದೀರಾ?"

"ಒರೆಸ್ತಿದ್ದೆ. ಈಗ ತಾನೇ ಮುಗೀತು," ಎಂದಳು.

ನಾದಿನಿ ಬಂದವಳು ಕೋಣೆಯ ನಡುವೆ ನಿಂತು ಒಂದು ಸುತ್ತು ತಿರುಗಿದಳು. ಅಮ್ಮನ ಮಂಚದ ಮೇಲೆ ಕೂತು ಎದ್ದಳು, ಕುಂಡದ ಎಲೆ ಮುಟ್ಟಿದಳು, ಪರದೆ ಎಳೆದು ಬಿಟ್ಟಳು.

"ಅತ್ತಿಗೆ, ಪುಣ್ಯ ಮಾಡಿದ್ರಿ ನೀವು," ಎಂದಳು ಹಲಗೆಯತ್ತ ಬಗ್ಗಿ. "ಇಲ್ಲಿ ಕೂತು ರಫೂ ಮಾಡೋಕೆ ಎಷ್ಟು ಚೆನ್ನಾಗಿರುತ್ತೆ!"

"ಅವಳಿಗೋಸ್ಕರಾನೇ ಮಾಡಿಸಿದ್ದು," ಎಂದ ಗಂಡ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅತ್ತೆ ಹೌದೆಂದು ತಲೆಯಾಡಿಸಿದರು. ಮಗಳು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದಳು. ಎಲ್ಲರೂ ಅವಳ ಕಡೆ ನೋಡಿದರು, ಏನಾದರೂ ಒಳ್ಳೆಯ ಮಾತು ಬರುತ್ತದೆ ಎಂಬಂತೆ.

"ಹೂಂ," ಎಂದಳು ಅವಳು. "ಸಕ್ಕರೆ ಸಾಕಾ ನೋಡಿ."

ಅವರು ಹೋದ ಮೇಲೆ ಪಾತ್ರೆಗಳು ಹಲಗೆಯಿಂದ ಈಚೆ ಬಂದವು. ಅವಳು ತೊಳೆದಳು. ಲೋಟಗಳನ್ನು ಬೋರಲು ಹಾಕಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಅಳುವೂ ಇರಲಿಲ್ಲ. ನೀರು ಬಿಸಿಯಿದೆಯೋ ತಣ್ಣಗಿದೆಯೋ ಎಂಬುದೂ ಕೈಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಕೊನೆಯ ತಟ್ಟೆಯನ್ನು ಒರೆಸುವಾಗ ನಾಳೆ ಸೋಮವಾರ ಎಂಬುದು ನೆನಪಿಗೆ ಬಂತು. ತಟ್ಟೆಯನ್ನು ಗೂಡಿನಲ್ಲಿಟ್ಟು ಕೈ ಒರೆಸಿಕೊಂಡಳು.

ಮೆಟ್ಟಿಲ ಕೆಳಗೆ ಹೋಗಿ ಎಳೆಗಳ ಡಬ್ಬ, ಸೂಜಿಯ ಪೊಟ್ಟಣ, ಕತ್ತರಿ, ಕೋಟು, ಎಲ್ಲವನ್ನೂ ಕೈಚೀಲಕ್ಕೆ ಹಾಕಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಅಡುಗೆಮನೆಯ ನೆಲದಲ್ಲಿ ಬರುವ ಹೋಗುವವರ ಕಾಲಿಗೆ ತೊಡರುತ್ತಿದ್ದ ಆಲೂಗಡ್ಡೆ ಬುಟ್ಟಿಯನ್ನು ಎತ್ತಿ ತಂದು ಅದರ ಮೇಲಿಟ್ಟಳು. ಈರುಳ್ಳಿಯನ್ನೂ ತಂದಿಟ್ಟಳು. ಟ್ಯೂಬ್‌ಲೈಟ್ ಆರಿಸಿದಳು.

ಮಗಳು ಚಾರ್ಜರು ಹುಡುಕುತ್ತ ಬಂದಳು. "ಇದೇನಮ್ಮ, ಆಲೂಗಡ್ಡೆ ಇಲ್ಲಿ?"

"ಜಾಗ ಇತ್ತು," ಎಂದಳು.

ಮಗಳು "ಓ" ಎಂದು ಚಾರ್ಜರು ತೆಗೆದುಕೊಂಡು, ಅಡುಗೆಮನೆಯ ಮೂಲಕ ಹಾದು ಗಾಜಿನ ಕೋಣೆಗೆ ಹೋದಳು. ಆ ಕಡೆಯಿಂದ ಅತ್ತೆ ಹಲಗೆಯನ್ನು ಬೆರಳಿನಿಂದ ತಟ್ಟಿದರು.

"ಏನೇ, ನಾಳೆ ಬಿಸಿಲೇರೋ ಹೊತ್ತಿಗೆ ಮಂಡಿಗೆ ಬಿಸಿನೀರು ಕೊಡ್ತೀಯಾ? ಇವತ್ತು ಜಾಸ್ತಿ ಕೂತೆ, ಹಿಡ್ಕೊಂಡಿದೆ."

"ಹೂಂ ಅತ್ತೆ."

ದೊಡ್ಡ ಫ್ಲಾಸ್ಕನ್ನು ಮೇಲಿನ ಗೂಡಿನಿಂದ ಇಳಿಸಿದಳು. ಬೆಳಿಗ್ಗೆ ಹೊರಡುವ ಮುಂಚೆ ತುಂಬಿಸಿದರೆ ಮಧ್ಯಾಹ್ನದವರೆಗೂ ಬಿಸಿ ಇರುತ್ತದೆ. ಒಳಗೆ ಹೊರಗೆ ತೊಳೆದು, ಒರೆಸಿ, ಹಲಗೆಯ ಮೇಲಿಟ್ಟಳು. ಒಂದು ಕ್ಷಣ ನೋಡಿ, ಅದರ ಹಿಡಿ ಆ ಕಡೆಯವರ ಕೈಗೆ ಸಿಗುವಂತೆ ತಿರುಗಿಸಿಟ್ಟಳು.